ದಕ್ಕೆಯಿಂದ ಬಾಳೆಲೆಗೆ

ಘಟ್ಟದ ಮೇಲಿನ ಊರುಗಳಿಂದ ಕರಾವಳಿಗೆ ಇಳಿದುಬರುವ ಪ್ರವಾಸಿಗಳು ದೇವಾಲಯಗಳ ದರ್ಶನವನ್ನೂ ಕಡಲತೀರದ ವಿಹಾರವನ್ನೂ ಮುಗಿಸಿಕೊಂಡು ಸ್ವಸ್ಥಾನಕ್ಕೆ ಮರಳಿದ ಮೇಲೆ, ತಾವು ಅಲ್ಲಿಯ ಹೋಟೆಲುಗಳಲ್ಲಿ ಉಂಡ ಮೀನೂಟದ ವಿಷಯವನ್ನು ಹೇಳತೊಡಗಿದರೆಂದರೆ, ಆ ವರ್ಣನೆಯು ಬಹುಮಟ್ಟಿಗೆ ಎರಡು ತುದಿಗಳಲ್ಲೊಂದನ್ನು ಮುಟ್ಟದೆ ನಿಲ್ಲುವುದಿಲ್ಲ. ಒಬ್ಬರಿಗೆ ಅದು ಜನ್ಮದಲ್ಲಿ ಮರೆಯಲಾಗದ ರಸಾನುಭವ. ಇನ್ನೊಬ್ಬರಿಗೆ, ಅದೇ ಊರಿನ, ಒಮ್ಮೊಮ್ಮೆ ಅದೇ ಹೋಟೆಲಿನ ಅದೇ ಕಾವಲಿಯ ಮೇಲೆ ಬೆಂದ ಮೀನು, ದುಬಾರಿ ಹಣ ತೆತ್ತು ಕೊಂಡ ನಿರಾಶೆ. ಮಸಾಲೆಯನ್ನು ಅರೆದವರು ಅವರೇ, ಬಾಣಸಿಗನೂ ಅವನೇ ಆಗಿರುವಾಗ ಈ ಪ್ರಮಾಣದ ಅಭಿಪ್ರಾಯಭೇದಕ್ಕೆ ಕಾರಣವೇನಿರಬಹುದೆಂಬ ಕುತೂಹಲವು ನನ್ನಲ್ಲಿ ಬಹುಕಾಲದಿಂದ ಇದ್ದುದರಿಂದ, ಮಂಗಳೂರಿನಿಂದ ಕಾರವಾರದವರೆಗಿನ ದಾರಿಯಲ್ಲಿ ಪ್ರಯಾಣ ಮಾಡುವ ಸಂದರ್ಭ ಒದಗಿದಾಗಲೆಲ್ಲ ನಾನು ಎಲೆಯ ಮೇಲಿನ ಮೀನಿನಷ್ಟೇ ಆಸಕ್ತಿಯಿಂದ ಅದನ್ನು ಬಡಿಸುವವರ ಮುಖವನ್ನೂ, ಅಕ್ಕಪಕ್ಕದಲ್ಲಿ ಕುಳಿತು ಉಣ್ಣುವವರ ಮಾತನ್ನೂ ಗಮನಿಸುತ್ತ ಬಂದಿದ್ದೇನೆ. ಹಾಗೆ ಗಮನಿಸಿದುದರ ಫಲವಾಗಿ ನನ್ನಲ್ಲಿ ನೆಲೆಗೊಂಡ ನಂಬಿಕೆ ಇಷ್ಟು: ಮೀನೂಟದ ಹೋಟೆಲಿನಲ್ಲಿ ಪಾಕಕೌಶಲದಿಂದ ಸಿದ್ಧಿಸುವುದು ಅರ್ಧ, ಉಳಿದರ್ಧವು ಬಡಿಸುವವನ ಸತ್ಯಸಂಧತೆಯಿಂದಲೂ ಉಣ್ಣುವವನು ಕೇಳುವ ಪ್ರಶ್ನೆಯಿಂದಲೂ ಸಿದ್ಧಿಸತಕ್ಕದ್ದು.

ಇದು ಮನಸ್ಸಿಗೆ ಚೆನ್ನಾಗಿ ಹತ್ತಬೇಕಾದರೆ ಹೋಟೆಲಿನ ಬಾಗಿಲಿನಿಂದ ಆರಂಭಿಸಬಾರದು, ದಕ್ಕೆಯಿಂದ ಆರಂಭಿಸಬೇಕು. ನೇತ್ರಾವತಿ, ಫಲ್ಗುಣಿ ನದಿಗಳೆರಡೂ ಕೂಡಿ ಕಡಲಿಗೆ ಸೇರುವ ಅಳಿವೆಯ ಒಳಮಗ್ಗುಲಲ್ಲಿ ಮಂಗಳೂರಿನ ಹಳೆಯ ಬಂದರು ಇದೆ. ಅಲ್ಲಿಯ ಮೀನುಗಾರಿಕೆಯ ದಕ್ಕೆಗೆ ಸೂರ್ಯೋದಯಕ್ಕೆ ಮುಂಚೆ ಹೋಗಿ ನಿಂತವನಿಗೆ, ಒಂದರ ಮಗ್ಗುಲಿಗೆ ಒಂದು ತಾಗಿ ನಿಂತ ದೋಣಿಗಳ ಹೊಟ್ಟೆಯಿಂದ ಬುಟ್ಟಿಬುಟ್ಟಿಯಾಗಿ ಮೀನು ಮೇಲೆ ಬರುವುದೂ, ಮಂಜುಗಡ್ಡೆಯನ್ನು ಪುಡಿಮಾಡುವ ಯಂತ್ರದ ಸದ್ದಿನ ನಡುವೆ ಏಲಂ ಕೂಗುವವರ ಧ್ವನಿ ಏರಿಳಿಯುವುದೂ, ಸೊಂಟಕ್ಕೆ ಸೆರಗು ಬಿಗಿದ ಮೊಗವೀರ ಹೆಂಗಸರು ಒಂದೇ ನೋಟದಲ್ಲಿ ರಾಶಿಯ ಬೆಲೆಯನ್ನು ಅಳೆದು ಮಾತು ಮುಗಿಸುವುದೂ ಕಾಣಸಿಗುತ್ತದೆ. ಬೆಳ್ಳಿಯ ಮೈಯ ಮೇಲೆ ನೀಲಿ ಪಟ್ಟೆ ಎಳೆದ ಬಂಗುಡೆ, ಕಾಲಡಿಗೆ ಜಾರುವ ಬೂತಾಯಿ, ಉದ್ದ ಮೂತಿಯ ಕಾಣೆ, ಚಪ್ಪಟೆಯಾದ ನಂಗ್, ಮರದ ದಿಮ್ಮಿಗಳಂತೆ ಪೇರಿಸಿಟ್ಟ ಅಂಜಲ್, ಜಾಗರೂಕತೆಯಿಂದ ಪ್ರತ್ಯೇಕ ಪೆಟ್ಟಿಗೆಯಲ್ಲಿ ಇಟ್ಟ ಪಾಂಪ್ಲೆಟ್. ಇವುಗಳ ನಡುವೆ ಹೋಟೆಲಿನವರು ಓಡಾಡುತ್ತಿರುತ್ತಾರೆ. ಅವರಲ್ಲಿ ಬಲ್ಲವರು ಕಣ್ಣು ತಿಳಿಯಾಗಿದೆಯೇ ಎಂದು ನೋಡಿ, ಕಿವಿರನ್ನು ಎತ್ತಿ ಅದರ ಕೆಂಪನ್ನು ನೋಡಿ, ಬೆನ್ನಿನ ಮಾಂಸವನ್ನು ಹೆಬ್ಬೆರಳಿನಿಂದ ಒತ್ತಿ ಅದು ಪುಟಿದು ಮೇಲೇಳುವುದೋ ತಗ್ಗು ಹಾಗೆಯೇ ನಿಲ್ಲುವುದೋ ಎಂಬುದನ್ನು ಪರೀಕ್ಷಿಸುತ್ತಾರೆ. ಮಧ್ಯಾಹ್ನ ನಾವು ಉಣ್ಣುವ ಊಟದ ಗುಣವು ಆ ಹೆಬ್ಬೆರಳಿನ ತುದಿಯಲ್ಲಿಯೇ ನಿಶ್ಚಯವಾಗುತ್ತದೆ. ಅಲ್ಲಿಂದ ಮುಂದೆ ಬಾಣಸಿಗನು ಅದನ್ನು ಕಾಪಾಡಬಲ್ಲನು, ಕೆಡಿಸಬಲ್ಲನು, ಇಲ್ಲದ ಗುಣವನ್ನು ಹೊಸದಾಗಿ ಸೃಷ್ಟಿಸಲಾರನು.

ಬಂದರಿನ ಓಣಿಯೊಂದರಲ್ಲಿ ನಾನು ಉಂಡ ಊಟ ಇಂದಿಗೂ ನನ್ನ ಮಾಪನದಂಡವಾಗಿ ಉಳಿದಿದೆ. ಇಕ್ಕಟ್ಟಾದ ಕೋಣೆ, ಉಣ್ಣುವವರ ಬೆನ್ನ ಹಿಂದೆಯೇ ಮುಂದಿನ ಸರದಿಯವರು ಕಾದು ನಿಂತಿರುವಂಥ ನೂಕುನುಗ್ಗಲು, ಅಪರಿಚಿತರೊಡನೆ ಒಂದೇ ಮೇಜನ್ನು ಹಂಚಿಕೊಳ್ಳದೆ ಗತ್ಯಂತರವಿಲ್ಲ. ಇಷ್ಟಿದ್ದರೂ ಕುಳಿತ ಕ್ಷಣಮಾತ್ರದಲ್ಲಿ ಬಾಳೆಲೆ ಬಂದಿತು. ಅದರ ಮೇಲೆ ಕುಚ್ಚಲಕ್ಕಿಯ ಅನ್ನ, ಒಂದು ಪಲ್ಯ, ಉಪ್ಪಿನಕಾಯಿ. ಕೇಳಿದಷ್ಟು ಸಲ ಬಡಿಸುವ, ತೆಂಗಿನಕಾಯಿಯೊಡನೆ ಕೆಂಪು ಮೆಣಸನ್ನು ನುಣ್ಣಗೆ ಅರೆದು ಮಾಡಿದ ಮೀನಿನ ಸಾರು. ಆಮೇಲೆ ವಯಸ್ಸಾದ ಬಡಿಸುವವರೊಬ್ಬರು ದೊಡ್ಡದೊಂದು ಹರಿವಾಣದಲ್ಲಿ, ಮಸಾಲೆ ಹಚ್ಚಿ ಇನ್ನೂ ಕಾವಲಿಗೆ ಬೀಳದ ಹಸಿ ಮೀನುಗಳನ್ನು ಜೋಡಿಸಿಕೊಂಡು ಬಂದು, ನಮ್ಮ ಮುಂದೆ ಹಿಡಿದರು. ಗಿರಾಕಿಯು ಕಣ್ಣಾರೆ ನೋಡಿ ಆರಿಸಿಕೊಳ್ಳಬೇಕು. ಆರಿಸಿದ್ದನ್ನು ಹುರಿದು ತರುತ್ತಾರೆ. ನನ್ನ ಬೆರಳು ಸಹಜವಾಗಿಯೇ ಕಾಣೆಯ ಕಡೆಗೆ ಹೋಯಿತು. ಆ ಹಿರಿಯರು ಹರಿವಾಣವನ್ನು ತುಸು ಹಿಂದಕ್ಕೆ ಎಳೆದುಕೊಂಡು, ತಗ್ಗಿದ ಸ್ವರದಲ್ಲಿ, "ಕಾಣೆ ಬೇಡ ಸಾರ್, ಅದು ನಿನ್ನೆಯದ್ದು. ಬಂಗುಡೆ ಉಂಟು, ಬೆಳಿಗ್ಗೆ ದಕ್ಕೆಯಿಂದ ಬಂದದ್ದು. ಅದನ್ನೇ ತಿನ್ನಿ" ಎಂದರು.

ಕಾಣೆಯ ಬೆಲೆ ಬಂಗುಡೆಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಅದನ್ನು ನನ್ನ ಎಲೆಗೆ ಹಾಕಿದ್ದರೆ ನಾನು ಮಾತಿಲ್ಲದೆ ಹಣ ಕೊಟ್ಟು ಹೋಗುತ್ತಿದ್ದೆನೆಂಬುದೂ, ಪ್ರವಾಸಿಯಾದ ನಾನು ಮತ್ತೆ ಆ ಬಾಗಿಲಿಗೆ ಬರುವೆನೆಂಬ ಭರವಸೆಯಿಲ್ಲವೆಂಬುದೂ ಅವರಿಗೆ ಗೊತ್ತಿದ್ದ ಸಂಗತಿಗಳೇ. ಆದರೂ ಮಾಲಿಕನ ಲಾಭವನ್ನು ಒಂದಿಷ್ಟು ಕಳೆದು ಅಪರಿಚಿತನೊಬ್ಬನ ನಾಲಗೆಯ ಹಿತವನ್ನು ಕಾಯ್ದ ಆ ವಾಕ್ಯವನ್ನು ನಾನು ಸೇವೆಯೆಂದು ಕರೆಯುತ್ತೇನೆ. ಮೆತ್ತನೆಯ ಆಸನ, ಬಿಳಿಯ ಮೇಜುವಸ್ತ್ರ, ಬಾಗಿ ನಮಸ್ಕರಿಸುವ ಸಮವಸ್ತ್ರಧಾರಿ, ಇವೆಲ್ಲ ಇದ್ದರೆ ಸಂತೋಷವೇ. ಆದರೆ ಕಡಲಿನ ಆಹಾರದ ವಿಷಯದಲ್ಲಿ ಇವುಗಳಲ್ಲಿ ಯಾವುದೂ ಆ ವಾಕ್ಯದ ಸ್ಥಾನವನ್ನು ತುಂಬಲಾರದು. ಬಂಗುಡೆ ಬಂದಿತು. ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿಗಳನ್ನು ಅರೆದು ಹಚ್ಚಿದ್ದ ಮಸಾಲೆ ತೆಂಗಿನೆಣ್ಣೆಯಲ್ಲಿ ಅಂಚಿನವರೆಗೂ ಗರಿಯಾಗಿ, ಒಳಗಿನ ಮಾಂಸವು ಮಾತ್ರ ತನ್ನ ರಸವನ್ನು ಬಿಟ್ಟುಕೊಡದೆ, ಬೆರಳು ತಾಗಿದೊಡನೆ ಮುಳ್ಳಿನಿಂದ ಎಸಳೆಸಳಾಗಿ ಕಳಚಿ ಬರುತ್ತಿತ್ತು. ಮಸಾಲೆಯ ಖಾರ ಇಳಿದ ಮೇಲೂ ಮೀನಿನ ಸಿಹಿ ಬಾಯಲ್ಲಿ ನಿಂತಿತು. ತಾಜಾತನಕ್ಕೆ ಇದಕ್ಕಿಂತ ಬೇರೆ ಲಕ್ಷಣವನ್ನು ನಾನರಿಯೆ.

ಅದೇ ಪ್ರಯಾಣದಲ್ಲಿ, ಬೇರೊಂದು ಹೋಟೆಲಿನಲ್ಲಿ, ಬಯಲುಸೀಮೆಯ ಕಡೆಯಿಂದ ಬಂದಿದ್ದ ಕುಟುಂಬವೊಂದು ನನ್ನ ಪಕ್ಕದ ಮೇಜಿನಲ್ಲಿತ್ತು. ಮಕ್ಕಳಿಗೆ ಆಸೆಪಟ್ಟು ಪಾಂಪ್ಲೆಟ್ ತರಿಸಿದ್ದರು. ಉಂಡು ಮುಗಿಸುವವರೆಗೂ ಅವರೆಲ್ಲರ ಮುಖದಲ್ಲಿ ಪ್ರಸನ್ನತೆ ಇತ್ತು. ಬಿಲ್ಲು ಬಂದೊಡನೆ ಯಜಮಾನರ ಮುಖ ಬಾಡಿತು. ತಿಂಡಿಪಟ್ಟಿಯಲ್ಲಿ ಆ ಮೀನಿನ ಎದುರಿಗೆ ಅಂಕಿಯಿರಲಿಲ್ಲ, 'ಗಾತ್ರಕ್ಕೆ ತಕ್ಕಂತೆ' ಎಂದಷ್ಟೇ ಇದ್ದಿತು. "ಮೊದಲೇ ಒಂದು ಮಾತು ಹೇಳಬಾರದಾಗಿತ್ತೇನ್ರೀ?" ಎಂದು ಅವರು ಕೇಳಿದರೆ, ಗಲ್ಲಾದಲ್ಲಿ ಕುಳಿತವರು, "ಪಟ್ಟಿಯಲ್ಲಿ ಬರೆದುಂಟಲ್ಲ ಸಾರ್" ಎಂದು ಕಾಗದವನ್ನೇ ತೋರಿಸಿದರು. ಇಬ್ಬರ ಪಕ್ಷದಲ್ಲಿಯೂ ನ್ಯಾಯದ ಅಂಶವಿತ್ತು. ಮೀನಿನ ಬೆಲೆಯು ದಿನದಿನವೂ ದಕ್ಕೆಯ ಏಲಂನಲ್ಲಿ ನಿರ್ಧಾರವಾಗುವುದರಿಂದ, ನಿನ್ನೆ ಅಗ್ಗವಾಗಿದ್ದುದು ಇಂದು ಎರಡು ಪಟ್ಟಾಗುವುದೂ ಉಂಟಾದುದರಿಂದ, ಅಕ್ಕಿಬೇಳೆಯ ದರದಂತೆ ಅದನ್ನು ವರ್ಷಕ್ಕೊಮ್ಮೆ ಅಚ್ಚು ಹಾಕಿಸಿ ಇಡಲಾಗದು. ಆದರೆ ಅಚ್ಚು ಹಾಕಿಸಲಾಗದ ಬೆಲೆಯನ್ನು ಬಾಯಲ್ಲಿ ಹೇಳಬಹುದಷ್ಟೆ! ಹಸಿ ಮೀನನ್ನು ತೋರಿಸುವ ಕ್ಷಣದಲ್ಲಿಯೇ ಅದರ ಬೆಲೆಯನ್ನೂ ತಿಳಿಸಿಬಿಟ್ಟರೆ ಕಳೆದುಹೋಗುವುದೇನೂ ಇಲ್ಲ. ಮಲ್ಪೆಯ ಚಿಕ್ಕ ಹೋಟೆಲೊಂದರಲ್ಲಿ ಬಾಗಿಲ ಬಳಿಯ ಕರಿಹಲಗೆಯ ಮೇಲೆ ಆ ದಿನ ಬಂದ ಮೀನುಗಳ ಹೆಸರನ್ನೂ ಬೆಲೆಯನ್ನೂ ಸೀಮೆಸುಣ್ಣದಲ್ಲಿ ಬರೆದಿದ್ದರು. ಯಾವುದು ಮುಗಿಯಿತೋ ಅದನ್ನು ಒದ್ದೆ ಬಟ್ಟೆಯಿಂದ ಆಗಿಂದಾಗಲೇ ಒರೆಸುತ್ತಿದ್ದರು. ಆ ಹೋಟೆಲಿನಲ್ಲಿ ನಾನಿದ್ದಷ್ಟು ಹೊತ್ತು ಬಿಲ್ಲಿನ ವಿಷಯವಾಗಿ ಒಂದು ಏರುಮಾತೂ ಕೇಳಿಬರಲಿಲ್ಲ.

ಮತ್ತೊಂದು ಸಲ ನಾನು ಆ ದಾರಿಯಲ್ಲಿ ಹೋದದ್ದು ಆಷಾಢದ ಸುರಿಮಳೆಯಲ್ಲಿ. ಹೆದ್ದಾರಿಯ ಬದಿಯಲ್ಲಿ ಹೊಸದಾಗಿ ಎದ್ದಿದ್ದ, ಹೆಸರು ಹೇಳಬೇಕಾದ ಅಗತ್ಯವಿಲ್ಲದ, ವಿಶಾಲವೂ ಸುಸಜ್ಜಿತವೂ ಆದ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತು, ಅಂಜಲ್ ತಾಜಾ ಇದೆಯೇ ಎಂದು ವಿಚಾರಿಸಿದಾಗ, "ಇವತ್ತಿನದ್ದೇ ಸಾರ್, ಬೆಳಿಗ್ಗೆ ಬಂದದ್ದು" ಎಂಬ ಉತ್ತರ ತಡವರಿಕೆಯಿಲ್ಲದೆ ಬಂದಿತು. ಎಲೆಗೆ ಬಿದ್ದ ತುಂಡು ಹೊರಗೆ ಚೆಂದವಾಗಿ ಕೆಂಪಗಿದ್ದು ಒಳಗೆ ಹತ್ತಿಯಂತೆ ಒಣಗಿತ್ತು. ಮಸಾಲೆಯನ್ನು ಕೆರೆದು ನೋಡಿದರೆ ಮೀನಿನದೆಂಬ ರುಚಿಯೇ ಉಳಿದಿರಲಿಲ್ಲ. ನನ್ನನ್ನು ನೋಯಿಸಿದ್ದು ಆ ತುಂಡಿಗಿಂತ ಆ ಉತ್ತರ. ಏಕೆಂದರೆ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನುಗಳ ಸಂತಾನವೃದ್ಧಿಗೆ ಎಡೆಮಾಡಿಕೊಡುವುದೂ, ಕ್ಷುಬ್ಧವಾದ ಸಮುದ್ರದಿಂದ ಮನುಷ್ಯರ ಪ್ರಾಣಕ್ಕೆ ರಕ್ಷಣೆ ಒದಗಿಸುವುದೂ ಈ ನಿಷೇಧದ ಉದ್ದೇಶ. ಆ ಅವಧಿಯಲ್ಲಿ ಸಣ್ಣ ಯಂತ್ರದ ನಾಡದೋಣಿಗಳು ಕಡಲು ಸಮ್ಮತಿಸಿದ ದಿನಗಳಲ್ಲಿ ಮಾತ್ರ ದಡಕ್ಕೆ ಸಮೀಪದಲ್ಲಿ ಬಲೆ ಬೀಸುತ್ತವೆ. ಅವುಗಳಿಗೆ ಸಿಕ್ಕ ಅಲ್ಪಸ್ವಲ್ಪ ಮೀನು ನಿಜವಾಗಿಯೂ ಅಮೃತಸಮಾನವಾದದ್ದೇ ಸರಿ. ಪೂರ್ವ ಕರಾವಳಿಯ ನಿಷೇಧವು ಏಪ್ರಿಲ್ 15ಕ್ಕೆ ಆರಂಭವಾಗಿ ಜೂನ್ 14ಕ್ಕೆ ಮುಗಿಯುವುದರಿಂದ, ಅಲ್ಲಿಂದಾಚೆಗೆ ತಮಿಳುನಾಡು, ಆಂಧ್ರಗಳ ಮೀನು ಮಂಜುಗಡ್ಡೆಯಲ್ಲಿ ಹುದುಗಿ ಲಾರಿಗಳಲ್ಲಿ ನಮ್ಮ ಕಡೆಗೆ ಬರುತ್ತದೆ. ಹೀಗೆ ಬಂದ ಮೀನು ತ್ಯಾಜ್ಯವೆಂದು ನಾನು ಹೇಳುವುದಿಲ್ಲ. ಹಿಡಿದ ಕ್ಷಣದಿಂದ ತಂಪಿನಲ್ಲಿಯೇ ಇದ್ದರೆ ಅದು ಉಣ್ಣಲು ಯೋಗ್ಯವಾದದ್ದೇ. ತಂಪಿನ ಸರಪಣಿ ನಡುವೆ ಕಡಿದರೆ ಮಾತ್ರ, ಬಂಗುಡೆ, ಬೂತಾಯಿಗಳಂಥ ಮೀನಿನಲ್ಲಿ ಹಿಸ್ಟಮಿನ್ ಎಂಬ ಪದಾರ್ಥ ಹುಟ್ಟಿಕೊಂಡು, ಎಷ್ಟು ಬೇಯಿಸಿದರೂ ನಾಶವಾಗದೆ, ಉಂಡವರಿಗೆ ಮೈತುರಿಕೆ ತಲೆನೋವುಗಳನ್ನು ತಂದೊಡ್ಡುತ್ತದೆ. ಆದಕಾರಣ 'ಇದು ಐಸಿನ ಮೀನು' ಎಂದು ಹೇಳಿ ಬಡಿಸುವುದರಲ್ಲಿ ಅವಮಾನವಿಲ್ಲ; ಹೇಳದೆ ಬಡಿಸುವುದರಲ್ಲಿ ಅಪರಾಧವಿದೆ.

ಮಳೆಗಾಲದಲ್ಲಿ ಕರಾವಳಿಯ ಮನೆಗಳವರು ಏನು ಉಣ್ಣುತ್ತಾರೆಂಬುದನ್ನು ಹೋಟೆಲುಗಳು ಮರೆತಿರುವುದು ನನಗೆ ನಿಜವಾಗಿಯೂ ವ್ಯಸನದ ಸಂಗತಿ. ಬೇಸಗೆಯ ಬಿಸಿಲಿನಲ್ಲಿ ಒಣಗಿಸಿ ಕಾಪಿಟ್ಟ ಮೀನು, ಒಣಸಿಗಡಿಯನ್ನು ಹುರಿದು ತೆಂಗಿನಕಾಯಿಯೊಡನೆ ಮಾಡಿದ ಚಟ್ನಿ, ಬಿಸಿ ಗಂಜಿ, ಇವುಗಳಿಗೆ ಸಮನಾದ ಊಟ ಆ ಋತುವಿನಲ್ಲಿ ಬೇರೊಂದಿಲ್ಲ. ಶ್ರಾವಣದ ಹುಣ್ಣಿಮೆಯ ಹೊತ್ತಿಗೆ ಮೀನುಗಾರರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಸಮರ್ಪಿಸಿ ಪೂಜಿಸುವ ತನಕ ಅದಕ್ಕೂ ವಿಶ್ರಾಂತಿ ಬೇಕೆಂದು ತಿಳಿದಿದ್ದ ಸಮಾಜದ ಊಟವದು. ಪ್ರವಾಸಿಯು ಕೇಳುವುದಿಲ್ಲವಾದ್ದರಿಂದ ಹೋಟೆಲಿನವರು ಮಾಡುವುದಿಲ್ಲ; ಹೋಟೆಲಿನವರು ಮಾಡುವುದಿಲ್ಲವಾದ್ದರಿಂದ ಪ್ರವಾಸಿಗೆ ಅದರ ಅಸ್ತಿತ್ವವೇ ತಿಳಿಯದು.

ಉತ್ತರಕ್ಕೆ ಸಾಗಿ ಕುಂದಾಪುರದ ಪಂಚಗಂಗಾವಳಿಯ ದಡವನ್ನು ಮುಟ್ಟಿದರೆ ಸಾರಿನ ಬಣ್ಣವೂ ಪರಿಮಳವೂ ಬದಲಾಗುತ್ತದೆ. ಕೊತ್ತಂಬರಿ ಮೆಂತೆಗಳ ಹದವಾದ ಗಂಧ ಮುಂದಕ್ಕೆ ಬರುತ್ತದೆ. ಅಲ್ಲಿ ಮನೆಯ ಮುಂಗೋಣೆಯಲ್ಲಿಯೇ ಮೂರು ಮೇಜು ಹಾಕಿ ಊಟ ಬಡಿಸುತ್ತಿದ್ದ ಹೆಂಗಸೊಬ್ಬರು, ನಾನು ಎಲೆಯಿಂದ ತಲೆಯೆತ್ತಿದಾಗಲೆಲ್ಲ, "ಹ್ವಾಯ್, ಇನ್ನೊಂಚೂರ್ ಸಾರ್ ಹಾಕ್ಲಾ?" ಎಂದು ಕೇಳುತ್ತಿದ್ದರು. ಅಲ್ಲಿ ತಿಂಡಿಪಟ್ಟಿಯೆಂಬುದೇ ಇರಲಿಲ್ಲ. ಆ ದಿನ ಬೈಗೆಯೆಂಬ ಮೀನು ಬಂದಿತ್ತು, ಬೈಗೆಯ ಸಾರು. ಅದರ ಹೊರತು ಬೇರೇನೂ ಇಲ್ಲ. ಆಯ್ಕೆಯಿಲ್ಲದ ಆ ಊಟದಲ್ಲಿ ನನಗೆ ಕೊರತೆಯೆಂಬುದು ಯಾವುದೂ ಕಾಣಲಿಲ್ಲ. ಹತ್ತಾರು ಪುಟದ ಪಟ್ಟಿಯಿರುವಲ್ಲಿ ಎಲ್ಲವೂ ಎಲ್ಲ ದಿನವೂ ಇರಬೇಕಾಗುತ್ತದೆ. ಎಲ್ಲವೂ ಎಲ್ಲ ದಿನವೂ ಇರಬೇಕಾದರೆ ಶೀತಪೆಟ್ಟಿಗೆಯೇ ಆ ಮನೆಯ ಕಡಲಾಗುತ್ತದೆ.

ಶರಾವತಿ ಕಡಲು ಸೇರುವ ಹೊನ್ನಾವರದಲ್ಲಿ ಉಣ್ಣುವಾಗ ನನಗೆ ನೆನಪಾಗುವವನು 14ನೆಯ ಶತಮಾನದ ಯಾತ್ರಿಕ ಇಬ್ನ್ ಬತೂತ. ಮೊರಾಕ್ಕೊ ದೇಶದ ತಾಂಜಿಯರಿನಲ್ಲಿ ಹುಟ್ಟಿದ ಈತನು ಹೊನ್ನಾವರಕ್ಕೆ ಬಂದು, ಅಲ್ಲಿಯ ಸುಲ್ತಾನ ಜಮಾಲುದ್ದೀನನ ಪಂಕ್ತಿಯಲ್ಲಿ ಊಟ ಮಾಡಿ, ಬಡಿಸಿದ ಕ್ರಮವನ್ನೆಲ್ಲ ಬರೆದಿಟ್ಟಿದ್ದಾನೆ. ರೇಷ್ಮೆಯುಟ್ಟ ಪರಿಚಾರಿಕೆಯು ದೊಡ್ಡ ತಾಮ್ರದ ಸೌಟಿನಿಂದ ಅನ್ನವನ್ನು ಬಡಿಸಿ ತುಪ್ಪ ಹಾಕುವುದು, ಜೊತೆಗೆ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಆಮೇಲೆ ಕೋಳಿಯ ಬಗೆಗಳು, ಅವು ಮುಗಿದ ಮೇಲೆ ಬಗೆಬಗೆಯ ಮೀನು, ಅದಕ್ಕೂ ಅನ್ನ, ತರುವಾಯ ತರಕಾರಿ, ಕಟ್ಟಕಡೆಗೆ ಮೊಸರು. ಮೊಸರು ಬಂದಿತೆಂದರೆ ಇನ್ನು ಬಡಿಸುವುದು ಮುಗಿಯಿತೆಂದು ತಿಳಿಯಬೇಕು. ಮಳೆಗಾಲದಲ್ಲಿ ತಣ್ಣೀರು ಹಾನಿಕರವೆಂದು ಬಿಸಿನೀರನ್ನು ಕುಡಿಯುತ್ತಾರೆಂಬುದನ್ನೂ ಅವನು ಬಿಡದೆ ಹೇಳುತ್ತಾನೆ. ಆ ಸುಲ್ತಾನನ ಬಳಿ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ಉಂಡು ಕಳೆದುದನ್ನು ಅವನು ಬರೆಯುವ ಬಗೆಯಲ್ಲಿ, ಪರದೇಶದ ಅತಿಥಿಯ ನಾಲಗೆಯ ಬೇಸರವೂ ಆತಿಥ್ಯದ ಮೇಲಣ ಗೌರವವೂ ಒಟ್ಟೊಟ್ಟಿಗೆ ಕಾಣುತ್ತವೆ. ನಮ್ಮ ಕರಾವಳಿಯ ಮೀನೂಟವನ್ನು ಕುರಿತು ಗಿರಾಕಿಯಲ್ಲದ ಅತಿಥಿಯೊಬ್ಬನು ಬರೆದ ಇಷ್ಟು ಹಳೆಯ, ಇಷ್ಟು ವಿವರವಾದ ಸಾಕ್ಷ್ಯ ಇರುವುದು ನಮ್ಮ ಭಾಗ್ಯ. ಇಂದಿಗೂ ಅಲ್ಲಿಯ ಹೋಟೆಲುಗಳಲ್ಲಿ ಕುಳಿತೊಡನೆ ಬಿಸಿನೀರಿನ ಲೋಟ ಮುಂದೆ ಬಂದರೆ, ಆ ಪದ್ಧತಿಗೆ ಎಷ್ಟು ಶತಮಾನಗಳ ವಯಸ್ಸೆಂಬುದನ್ನು ನೆನೆದು ನಾನು ಗೌರವದಿಂದ ಕುಡಿಯುತ್ತೇನೆ.

ಕುಮಟೆಯ ಬಳಿ ಅಘನಾಶಿನಿಯ ಅಳಿವೆ. ಅಣೆಕಟ್ಟಿನ ಹಂಗಿಲ್ಲದೆ ಹರಿದುಬರುವ ಈ ನದಿಯ ಕೆಸರಿನಲ್ಲಿ ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಸೊಂಟದವರೆಗೆ ಇಳಿದು ಬಳಚೆಂಬ ಚಿಪ್ಪುಮೀನನ್ನು ಹೆಕ್ಕುತ್ತಾರೆ. ಪಕ್ಕದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಂಡು ಬೆಳೆಯುವ ಕಗ್ಗವೆಂಬ ಭತ್ತವಿದೆ. 2024ರಲ್ಲಿ ಈ ಅಳಿವೆಯು ಮಹತ್ವದ ಜೌಗುಭೂಮಿಗಳ, ಎಂದರೆ ರಾಮ್ಸಾರ್ ತಾಣಗಳ, ಪಟ್ಟಿಗೆ ಸೇರಿತು. ಬಳಚಿನ ಸುಕ್ಕವನ್ನು ಕುಚ್ಚಲಕ್ಕಿ ಅನ್ನದೊಡನೆ ಉಂಡವರು ಅದನ್ನು ಪಾಂಪ್ಲೆಟ್ಟಿಗಿಂತ ಕಡಿಮೆಯೆಂದು ಎಣಿಸಲಾರರು. ಆದರೂ ಹೆದ್ದಾರಿಯ ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಅದನ್ನು ಹುಡುಕಿ ತೆಗೆಯಬೇಕು.

ಕಾರವಾರದಲ್ಲಿ ತೆಪ್ಪಲ್ ಕಾಯಿ ಹಾಕಿದ ಬಂಗುಡೆಯ ಸಾರಿಗಾಗಿಯೂ, ಮುರುಗಲ ಹುಳಿಯನ್ನು ತೆಂಗಿನ ಹಾಲಿನಲ್ಲಿ ಕದಡಿದ ಸೋಲ್ ಕಡಿಗಾಗಿಯೂ ನಾನು ಬಹಳ ಹೊತ್ತು ಕಾಯಬೇಕಾಯಿತು. ಆದರೆ ಕುಳ್ಳಿರಿಸುವಾಗಲೇ, ತಡವಾಗುತ್ತದೆ, ಮೀನನ್ನು ಈಗಲೇ ಕೊಯ್ದು ಬೇಯಿಸಬೇಕಾಗಿದೆ ಎಂದು ತಿಳಿಸಿದ್ದುದರಿಂದ ಆ ಕಾಯುವಿಕೆ ಭಾರವೆನಿಸಲಿಲ್ಲ. ಅಲ್ಲಿ ನನ್ನೊಡನೆ ಕುಳಿತಿದ್ದ ವೃದ್ಧ ಮೀನುಗಾರರೊಬ್ಬರು ರಂಪಣಿ ಬಲೆಯ ಕಾಲವನ್ನು ನೆನೆದರು. ದಡದಿಂದ ಬೀಸಿದ ಆ ದೀರ್ಘವಾದ ಬಲೆಯನ್ನು ಎಳೆಯಲು ಊರಿಗೆ ಊರೇ ಸೇರುತ್ತಿತ್ತು. ಬಂದ ಬಂಗುಡೆಯಲ್ಲಿ ಎಳೆದವರೆಲ್ಲರಿಗೂ ಪಾಲು ಸಲ್ಲುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸಿನ್ ಬಲೆಯ ದೋಣಿಗಳು ಬಂದು, ಮೀನಿನ ಹಿಂಡನ್ನು ದಡ ಮುಟ್ಟುವ ಮೊದಲೇ ಸುತ್ತುಗಟ್ಟಿ ಹಿಡಿಯತೊಡಗಿದ ಮೇಲೆ ರಂಪಣಿಯು ಕೆಲವೇ ವರ್ಷಗಳಲ್ಲಿ ಕ್ಷೀಣಿಸಿತು. ಇಂದು ಬೂತಾಯಿಯ ದೊಡ್ಡ ಪಾಲು ಎಣ್ಣೆ ಮತ್ತು ಮೀನುಹಿಟ್ಟಿನ ಕಾರ್ಖಾನೆಗಳಿಗೆ ಹೋಗುತ್ತದೆ. ಬಡವರ ಎಲೆಯ ಮೀನು ಹೀಗೆ ಹಿಟ್ಟಾಗಿ ಹೋಗುತ್ತಿರುವಾಗ, ಪ್ರವಾಸಿಗಳೆಲ್ಲರೂ ಅಂಜಲ್, ಪಾಂಪ್ಲೆಟ್, ಕಾಣೆಗಳೆಂಬ ಮೂರೇ ಹೆಸರುಗಳನ್ನು ವರ್ಷದ ಎಲ್ಲ ದಿನಗಳಲ್ಲಿಯೂ ಕೇಳುತ್ತಿರುತ್ತಾರೆ. ಹೋಟೆಲಿನವನನ್ನು ಸುಳ್ಳಿನ ಕಡೆಗೆ ನೂಕುವ ಶಕ್ತಿಗಳಲ್ಲಿ ನಮ್ಮ ಈ ಹಟವೂ ಒಂದೆಂಬುದನ್ನು ನಾನು ಒಪ್ಪದೆ ಇರಲಾರೆ.

ಬಡಿಸುವವರನ್ನು ಕುರಿತು ಇನ್ನೊಂದು ಮಾತಿದೆ. ಇತ್ತೀಚೆಗೆ ಕರಾವಳಿಯ ಹೋಟೆಲುಗಳಲ್ಲಿ ದುಡಿಯುವ ತರುಣರಲ್ಲಿ ಅನೇಕರು ಒಡಿಶಾ, ಬಿಹಾರ, ಅಸ್ಸಾಮಿನಂಥ ದೂರದ ಸೀಮೆಗಳಿಂದ ಬಂದವರು. ಒಲೆಯ ಕಾವಿನಲ್ಲಿಯೂ ನೂಕುನುಗ್ಗಲಿನಲ್ಲಿಯೂ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ದುಡಿಯುವ ಈ ಮಕ್ಕಳ ಮೇಲೆ, ನೊಗ್ಲಿ ಮೀನಿಗೂ ಕೊಡ್ಡಾಯಿ ಮೀನಿಗೂ ಭೇದ ತಿಳಿಯದೆಂಬ ಕಾರಣಕ್ಕೆ ಗಿರಾಕಿಗಳು ಸಿಡುಕುವುದನ್ನು ಕಂಡಾಗಲೆಲ್ಲ ನನಗೆ ದುಃಖವಾಗಿದೆ. ಅವರಿಗೆ ಯಾರೂ ಹೇಳಿಕೊಡದ ವಿದ್ಯೆಯನ್ನು ಅವರಿಂದ ಅಪೇಕ್ಷಿಸುವುದು ಅನ್ಯಾಯ. ಬೆಳಿಗ್ಗೆ ದಕ್ಕೆಗೆ ಹೋಗುವಾಗ ಮಾಲಿಕನು ಅವರಲ್ಲೊಬ್ಬನನ್ನು ಸಂಗಡ ಕರೆದೊಯ್ದು, ಕಿವಿರನ್ನು ಎತ್ತಿ ತೋರಿಸಿ, ಯಾವುದು ಇಂದಿನದು ಯಾವುದು ನಿನ್ನೆಯದು ಎಂದು ಕಲಿಸಿದರೆ, ಬಂದರಿನ ಓಣಿಯ ಆ ಹಿರಿಯರು ನನಗೆ ಆಡಿದ ಮಾತನ್ನು ಈ ತರುಣರೂ ತಮ್ಮ ಅರೆಬರೆ ಕನ್ನಡದಲ್ಲಿಯೇ ಆಡಬಲ್ಲರು.

ಆದುದರಿಂದ ಹೋಟೆಲುಗಳನ್ನು ನಡೆಸುವ ಮಹನೀಯರಲ್ಲಿ ನನ್ನ ಬಿನ್ನಹವೆಂದರೆ, ಮೀನನ್ನು ಕಾವಲಿಗೆ ಹಾಕುವ ಮುನ್ನ ಅದರ ಬೆಲೆಯನ್ನೂ ಅದು ಬಂದ ದಿನವನ್ನೂ ಗಿರಾಕಿಗೆ ತಿಳಿಸುವ ವ್ಯವಸ್ಥೆಯನ್ನು ದಯವಿಟ್ಟು ಮಾಡಿರಿ. ಮಳೆಗಾಲದಲ್ಲಿ ಒಣಮೀನಿನ ಊಟವನ್ನು ಸಂಕೋಚವಿಲ್ಲದೆ ಬಡಿಸಿರಿ. ಕರಾವಳಿಗೆ ಹೊರಟಿರುವ ಓದುಗರಾದರೋ, ಎಲೆಯ ಮುಂದೆ ಕುಳಿತೊಡನೆ ಪಟ್ಟಿಯನ್ನು ಕೈಗೆತ್ತಿಕೊಳ್ಳದೆ, ಈ ದಿನ ಯಾವ ಮೀನು ಬಂದಿದೆಯೆಂದು ಬಡಿಸುವವರನ್ನು ಸಮಾಧಾನವಾಗಿ ಕೇಳಿರಿ, ಬಂಗುಡೆಯೆಂದರೆ ಬಂಗುಡೆಯನ್ನೇ, ಬೂತಾಯಿಯೆಂದರೆ ಬೂತಾಯಿಯನ್ನೇ ತರಿಸಿಕೊಂಡು ಉಣ್ಣಿರಿ. ಜೂನ್, ಜುಲೈ ತಿಂಗಳುಗಳಲ್ಲಿ ಮಾತ್ರ ತಾಜಾ ಅಂಜಲ್ ಬೇಕೆಂದು ಯಾರನ್ನೂ ಒತ್ತಾಯಿಸಬೇಡಿರಿ.